ಒಂದೇ ಪದವಿ, ಹಲವು ಬೆಲೆ

ರೊಬಸ್ಟಾ ಕಾಫಿ ಗಿಡ ನೆಟ್ಟವರು ಮೊದಲ ಫಸಲಿಗೆ ಮೂರು–ನಾಲ್ಕು ವರ್ಷ ಕಾಯಬೇಕು. ನೆಡುವಾಗ ಇದ್ದ ಬೆಲೆ ಕೊಯ್ಯುವಾಗಲೂ ಇರುತ್ತದೆಂದು ಯಾರೂ ಖಾತರಿ ಕೊಡುವುದಿಲ್ಲ. ಕಾವೇರಿಯ ದಂಡೆಯ ಮೇಲಿರುವ ಕೊಡಗಿನ ನೆಲ್ಯಹುದಿಕೇರಿಗೆ ಈ ಪಾಠವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದೊಡನೆ, ನಾಡಿನ ಸಾವಿರಾರು ಊರುಗಳಲ್ಲಿ ಆಗುವಂತೆಯೇ, ಅಲ್ಲಿಯೂ ಇನ್ನೊಂದು ನಾಲ್ಕು ವರ್ಷದ ಬೆಳೆಯ ಮಾತು ಏಳುತ್ತದೆ. ಮಗನಿಗೋ ಮಗಳಿಗೋ ಕಂಪ್ಯೂಟರ್ ಸೈನ್ಸ್ ಸೀಟು ಕೊಡಿಸಬೇಕೆ? ಕೊಡಿಸುವುದಾದರೆ ಎಷ್ಟರವರೆಗೆ ಹಣ ಹಾಕಬಹುದು? ಹಾಕಿದ ಹಣ ಹುಟ್ಟುತ್ತದೆಯೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಕಂಪ್ಯೂಟರ್ ಓದಿದವರೆಲ್ಲ ಉದ್ಧಾರವಾಗಿದ್ದಾರೆ ಎಂಬುದು ಒಂದು. ಓದಿದವರೆಲ್ಲ ಕೆಲಸವಿಲ್ಲದೆ ಕೂತಿದ್ದಾರೆ ಎಂಬುದು ಇನ್ನೊಂದು. ಎರಡಕ್ಕೂ ಸಾಕ್ಷಿಗಳು ಊರಲ್ಲೇ ಸಿಗುತ್ತವೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಪದವಿಗೆ ಕರ್ನಾಟಕದಲ್ಲಿ ಎಲ್ಲರಿಗೂ ಒಂದೇ ಬೆಲೆ ಎಂಬುದು ಯಾವತ್ತೂ ಇರಲಿಲ್ಲ. ಅದರ ಗಳಿಕೆಯೂ ಎಲ್ಲ ವರ್ಷ ಒಂದೇ ಆಗಿರಲಿಲ್ಲ. ಲಾಭ–ನಷ್ಟದ ಲೆಕ್ಕ ಹಾಕುವ ಮುನ್ನ ಈ ಬೆಲೆಗಳು ಹೇಗೆ ಹುಟ್ಟಿದವು ಎಂಬುದನ್ನು ನೋಡುವುದು ಒಳ್ಳೆಯದು.

ಸೀಟಿಗೆ ಬೆಲೆ ಬಂದ ಬಗೆ

ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಎಂಜಿನಿಯರನನ್ನು ತಯಾರು ಮಾಡುವುದು ಸಂಸ್ಥಾನದ ಅಗತ್ಯ, ಆದ್ದರಿಂದ ಅದರ ಖರ್ಚು ಕೂಡ ಸಂಸ್ಥಾನದ್ದು ಎಂಬುದು ಅಂದಿನ ತಿಳಿವಳಿಕೆ. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬೆಂಗಳೂರಿನಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಅದೇ ವರ್ಷ ಮೈಸೂರಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್, ಮರುವರ್ಷ ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಕಾಲೇಜು ಬಂದವು. ದಾನಿಗಳ ಹಣ, ಸರ್ಕಾರದ ನೆರವು, ವಿದ್ಯಾರ್ಥಿಗಳ ಅಲ್ಪ ಶುಲ್ಕ ಇವುಗಳ ಮೇಲೆ ಆ ಕಾಲದ ಕಾಲೇಜುಗಳು ನಡೆದವು.

ಇನ್ನೊಂದು ಮಾದರಿ ಕರಾವಳಿಯಿಂದ ಬಂತು. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜನ್ನೂ 1957ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆದರು. ಸರ್ಕಾರದ ಬೊಕ್ಕಸವನ್ನು ಕಾಯದೆ, ಓದುವವರ ಪೋಷಕರಿಂದಲೇ ವಂತಿಗೆ ಪಡೆದು ವೃತ್ತಿಶಿಕ್ಷಣದ ಸಂಸ್ಥೆ ಕಟ್ಟಬಹುದು ಎಂಬುದನ್ನು ಮಣಿಪಾಲ ತೋರಿಸಿಕೊಟ್ಟಿತು. 1979–80ರ ಸುಮಾರಿಗೆ ಖಾಸಗಿ ಕಾಲೇಜುಗಳ ದೊಡ್ಡ ಅಲೆಯೇ ಎದ್ದಿತು. ಬೆಂಗಳೂರು, ದಾವಣಗೆರೆ, ಬೆಳಗಾವಿ, ಶಿವಮೊಗ್ಗ, ಚಿಕ್ಕಮಗಳೂರುಗಳಲ್ಲಿ ಎರಡೇ ವರ್ಷಗಳಲ್ಲಿ ಹೊಸ ಎಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿದವು. ವಂತಿಗೆ ಎಂಬ ಗೌರವದ ಪದ ಜನರ ಬಾಯಲ್ಲಿ 'ಡೊನೇಷನ್' ಆಯಿತು. ಉತ್ತರ ಭಾರತದಿಂದಲೂ ವಿದ್ಯಾರ್ಥಿಗಳು ರೈಲು ಹತ್ತಿ ಬಂದರು. ಸೀಟು ಎಂಬುದು ಕೊಳ್ಳುವ, ಮಾರುವ ವಸ್ತುವಾಯಿತು.

ಇದನ್ನು ತಡೆಯಲು ರಾಜ್ಯ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಕಾಯ್ದೆ ಬಂತು, ಆದರೆ ಬೆಲೆ ಹೋಗಲಿಲ್ಲ. ಅದಕ್ಕೆ ಸರ್ಕಾರಿ ಮೊಹರು ಬಿದ್ದಿತು ಅಷ್ಟೆ. 1989ರ ಜೂನ್ ತಿಂಗಳ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿನ ವಿದ್ಯಾರ್ಥಿಗೆ ವಾರ್ಷಿಕ ಶುಲ್ಕ 2,000 ರೂಪಾಯಿ. ಕರ್ನಾಟಕದ ಇತರ ವಿದ್ಯಾರ್ಥಿಗೆ 25,000 ರೂಪಾಯಿಯವರೆಗೆ, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳುವ ಮೂವರ ನಡುವೆ ಮೂವತ್ತು ಪಟ್ಟು ಅಂತರ! ತುಮಕೂರಿನ ಕಾಲೇಜೊಂದಕ್ಕೆ ಸೇರಬಯಸಿದ ಹೊರರಾಜ್ಯದ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದಾಗ, 1992ರಲ್ಲಿ ಸುಪ್ರೀಂ ಕೋರ್ಟು ಮೋಹಿನಿ ಜೈನ್ ಪ್ರಕರಣದ ತೀರ್ಪಿನಲ್ಲಿ ಕ್ಯಾಪಿಟೇಷನ್ ಶುಲ್ಕವನ್ನು ಕಾನೂನುಬಾಹಿರವೆಂದು ಸಾರಿತು. ಆದರೆ ಮರುವರ್ಷವೇ, ಉನ್ನಿಕೃಷ್ಣನ್ ಪ್ರಕರಣದಲ್ಲಿ, ಕೋರ್ಟು ನಡುದಾರಿ ಹಿಡಿಯಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟು 'ಫ್ರೀ', ಇನ್ನರ್ಧ 'ಪೇಮೆಂಟ್' ಎಂದಾಯಿತು. ಹಣ ಕಟ್ಟುವವರು ಹಣ ಕಟ್ಟದವರ ಓದಿನ ಹೊರೆ ಹೊರಬೇಕೆಂಬುದು ಅದರ ತರ್ಕ. ಇದರ ಹಿಂದೆಯೇ, 1994ರಲ್ಲಿ, ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು.

ಸಿಇಟಿಯಿಂದ ಆದ ಉಪಕಾರ ಸಣ್ಣದಲ್ಲ. ಕೊಡಗಿನ ಮೂಲೆಯ ಹಳ್ಳಿಯ ಹುಡುಗಿಯೂ ಯಾರ ಶಿಫಾರಸೂ ಇಲ್ಲದೆ, ತನ್ನ ರ‍್ಯಾಂಕಿನ ಬಲದಿಂದ ಮೈಸೂರು, ಬೆಂಗಳೂರಿನ ಕಾಲೇಜನ್ನು ಆರಿಸಿಕೊಳ್ಳುವಂತಾಯಿತು. ಆದರೆ ಫ್ರೀ ಸೀಟಿನ ಫಲ ಯಾರಿಗೆ ದಕ್ಕಿತು? 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವೇ ಈ ವಿಪರ್ಯಾಸವನ್ನು ಗುರುತಿಸಿತು. ಒಳ್ಳೆಯ ಖಾಸಗಿ ಶಾಲೆಗಳಲ್ಲಿ ಓದಿದ ಉಳ್ಳವರ ಮಕ್ಕಳು ಮೇಲಿನ ಸ್ಥಾನ ಪಡೆದು ಫ್ರೀ ಸೀಟಿಗೆ ಹೋದರು. ಅಷ್ಟು ಅನುಕೂಲವಿಲ್ಲದ ಮನೆಯ ಮಕ್ಕಳು ಪೇಮೆಂಟ್ ಸೀಟಿಗೆ ಹಣ ಕಟ್ಟಬೇಕಾಯಿತು. ಅಂದರೆ ಬಡವನ ಮನೆಯ ಸಾಲ ಸಿರಿವಂತನ ಮನೆಯ ಓದಿಗೆ ಸಹಾಯಧನವಾಯಿತು. ಕೋರ್ಟು ಆ ವ್ಯವಸ್ಥೆಯನ್ನು ಕೈಬಿಟ್ಟು ಶುಲ್ಕ ನಿಗದಿಯಲ್ಲಿ ಖಾಸಗಿ ಕಾಲೇಜುಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. 2004ರಲ್ಲಿ ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್–ಕೆ ಪರೀಕ್ಷೆ ಹುಟ್ಟಿತು. ಸರ್ಕಾರಿ ಕಾಲೇಜಿನ ಸೀಟು, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ, ಕಾಮೆಡ್–ಕೆ, ಮ್ಯಾನೇಜ್‌ಮೆಂಟ್ ಕೋಟಾ ಹೀಗೆ ಇಂದು ಕಾಣುವ ನಾಲ್ಕು ಮೆಟ್ಟಿಲುಗಳು ಸಿದ್ಧವಾದದ್ದು ಈ ರೀತಿ.

ಕಾಫಿ, ಕಂಪ್ಯೂಟರ್ ಜೊತೆಯಾಗಿ ಏರಿ ಇಳಿದ ಕಾಲ

ಇನ್ನು ಗಳಿಕೆಯ ಕಡೆಯ ಕಥೆ. ಕಂಪ್ಯೂಟರ್ ಸೈನ್ಸ್ ಎಂಬ ಪ್ರತ್ಯೇಕ ಬಿ.ಇ. ಶಾಖೆ ರಾಜ್ಯದ ಕಾಲೇಜುಗಳಲ್ಲಿ ನೆಲೆಯೂರಿದ್ದು 1980ರ ದಶಕದಲ್ಲಿ. ಅದೇ ದಶಕದ 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಗರದಲ್ಲಿ ತನ್ನ ಕೇಂದ್ರ ತೆರೆಯಿತು. 1991ರ ಜುಲೈಯಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಡಾಲರಿನಲ್ಲಿ ಗಳಿಸಿ ರೂಪಾಯಿಯಲ್ಲಿ ಸಂಬಳ ಕೊಡುವ ಉದ್ಯಮಕ್ಕೆ ಅನುಕೂಲವೇ ಆಯಿತು. ದಶಕದ ಕೊನೆಗೆ, 2000ನೇ ಇಸವಿ ಬಂದಾಗ ಹಳೆಯ ಕಂಪ್ಯೂಟರುಗಳು ವರ್ಷವನ್ನು ತಪ್ಪಾಗಿ ಓದುತ್ತವೆ ಎಂಬ ಭಯದಿಂದ ಜಗತ್ತಿನ ಕಂಪನಿಗಳು ತಿದ್ದುಪಡಿಯ ಕೆಲಸವನ್ನು ಭಾರತಕ್ಕೆ ಕೊಟ್ಟವು. ಅಮೆರಿಕ 1998ರಲ್ಲಿ ಒಮ್ಮೆ, 2000ದಲ್ಲಿ ಮತ್ತೊಮ್ಮೆ ಪರಿಣತ ಕೆಲಸಗಾರರ ವೀಸಾ ಸಂಖ್ಯೆಯನ್ನು ಏರಿಸಿತು.

ಈ ಕಾಲದಲ್ಲಿ ಹೊರಬಂದ ಪದವೀಧರರೇ ಇಂದಿಗೂ ಊರೂರಲ್ಲಿ ಉದಾಹರಣೆಯಾಗಿರುವವರು. ಒಂದು ಮಾತು ಮರೆಯಬಾರದು. ಅವರಲ್ಲಿ ಬಹುಮಂದಿ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ, ಇಲ್ಲವೆ ಫ್ರೀ ಸೀಟಿನಲ್ಲಿ, ಅತಿ ಕಡಿಮೆ ಖರ್ಚಿನಲ್ಲಿ ಓದಿದವರು. ಪದವೀಧರರು ವಿರಳ, ಕೆಲಸ ಹೇರಳ, ಹಾಕಿದ ಬಂಡವಾಳ ಅಲ್ಪ. ಮೂರೂ ಕೂಡಿಬಂದ ಕಾಲ ಅದು. ಆ ಲಾಭವನ್ನು ಪದವಿಯೊಂದರ ಗುಣವೆಂದು ತಿಳಿಯುವುದು, ಒಳ್ಳೆಯ ಮಳೆಯ ವರ್ಷದ ಫಸಲನ್ನು ಬಿತ್ತನೆ ಬೀಜದ ಮಹಿಮೆ ಎಂದಂತೆ.

ಕೊಡಗಿನಲ್ಲಿ ಈ ಕಥೆಗೆ ಇನ್ನೊಂದು ಎಳೆ ಸೇರಿತು. 1942ರ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೇ ಒಪ್ಪಿಸಬೇಕಿತ್ತು. 1992ರಿಂದ ಈ ಬಿಗಿ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರಾಟಕ್ಕೆ ಅವಕಾಶವಾಯಿತು. ಈ ನಡುವೆ 1994ರಲ್ಲಿ ಬ್ರೆಜಿಲ್‌ನ ತೋಟಗಳನ್ನು ಹಿಮ ಸುಟ್ಟಿತು. ಜಗತ್ತಿನಾದ್ಯಂತ ಕಾಫಿಯ ಬೆಲೆ ಜಿಗಿಯಿತು. ಸಿಇಟಿ ಆರಂಭವಾದ ವರ್ಷವೂ ಅದೇ. ಕಣದಲ್ಲಿ ಒಣಗುತ್ತಿದ್ದ ಚೆರಿಗೆ ನೇರ ಮಾರುಕಟ್ಟೆಯ ಬೆಲೆ ಸಿಗತೊಡಗಿದಾಗ ಸಣ್ಣ ಬೆಳೆಗಾರನಿಗೂ ಪೇಮೆಂಟ್ ಸೀಟು ಕೈಗೆಟುಕುವಂತೆ ಕಂಡಿತು.

ಆಗ ಸೇರಿದವರಲ್ಲಿ ಕೊನೆಯ ತಂಡಗಳು ಹೊರಬಂದ ಹೊತ್ತಿಗೆ ಗಾಳಿ ತಿರುಗಿತ್ತು. 2000ದ ಮಾರ್ಚಿನಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪನಿಗಳ ಷೇರುಗಳು ಕುಸಿಯತೊಡಗಿದವು. 2001ರ ಸೆಪ್ಟೆಂಬರ್ ದಾಳಿಯ ನಂತರ ನೇಮಕಾತಿ ಇನ್ನಷ್ಟು ಬಿಗಿಯಾಯಿತು. ಕ್ಯಾಂಪಸ್‌ನಲ್ಲಿ ಆಯ್ಕೆಯಾದವರು ಕೆಲಸಕ್ಕೆ ಸೇರುವ ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾದರು. ಅದೇ ಕಾಲಕ್ಕೆ ಬ್ರೆಜಿಲ್ ಮತ್ತು ವಿಯೆಟ್ನಾಂನ ಭಾರಿ ಫಸಲಿನಿಂದ ಕಾಫಿಯ ಅಂತರರಾಷ್ಟ್ರೀಯ ಬೆಲೆ ಪೌಂಡಿಗೆ 45 ಅಮೆರಿಕನ್ ಸೆಂಟಿನ ಆಸುಪಾಸಿಗೆ ಬಿತ್ತು. ಮೂರು ದಶಕಗಳಲ್ಲಿ ಕಾಣದ ಕುಸಿತ ಅದು. ಕಾಫಿಯ ಹಣದಿಂದ ಸೀಟು ಕೊಂಡು, ಸೀಟಿನ ಗಳಿಕೆಯಿಂದ ತೋಟ ಉಳಿಸಿಕೊಳ್ಳೋಣ ಎಂದುಕೊಂಡಿದ್ದ ಮನೆಗಳಿಗೆ ಎರಡು ಬೆಳೆಯೂ ಒಟ್ಟಿಗೆ ಕೈಕೊಟ್ಟವು.

ಮಾರುಕಟ್ಟೆ ಮತ್ತೆ ಚೇತರಿಸಿಕೊಂಡಿತು ನಿಜ. ಆದರೆ ಈ ಏರಿಳಿತ ಅಲ್ಲಿಗೇ ನಿಲ್ಲಲಿಲ್ಲ. 2008–09ರಲ್ಲಿ ಮತ್ತೊಂದು ಹಿಂಜರಿತ. 2021ರ ಸುಮಾರಿಗೆ ಕೋವಿಡ್ ತಂದ ಆನ್‌ಲೈನ್ ವಹಿವಾಟಿನಿಂದ ನೇಮಕಾತಿಯ ಮಹಾಪೂರ. 2023ರ ಹೊತ್ತಿಗೆ ಮತ್ತೆ ಬರ. ಪ್ರವೇಶದ ವರ್ಷದ ಸುದ್ದಿ ನೋಡಿ ಸೇರುವ ವಿದ್ಯಾರ್ಥಿ, ನಾಲ್ಕು ವರ್ಷದ ನಂತರದ ಮಾರುಕಟ್ಟೆಗೆ ಹೊರಬರುತ್ತಾನೆ. ಬೆಲೆ ಏರಿದಾಗ ಎಲ್ಲರೂ ನೆಟ್ಟು, ಎಲ್ಲರ ಫಸಲೂ ಒಟ್ಟಿಗೆ ಬಂದು ಬೆಲೆ ಬೀಳುವುದು ಕಾಫಿಗೂ ಉಂಟು, ಪದವಿಗೂ ಉಂಟು.

ಸಾಲದ ಲೆಕ್ಕ

2001ರಲ್ಲಿ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆ ಸೀಟು ಕೊಳ್ಳುವ ರೀತಿಯನ್ನೇ ಬದಲಿಸಿತು. ಆ ಯೋಜನೆಯಂತೆ 4 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಿರಲಿಲ್ಲ. ಅದಕ್ಕಿಂತ ಮೇಲೆ ಜಾಮೀನು, ಇನ್ನೂ ಮೇಲಕ್ಕೆ ಹೋದರೆ ಆಸ್ತಿಯ ಅಡವು. 2009ರಲ್ಲಿ, ವಾರ್ಷಿಕ ಆದಾಯ 4.5 ಲಕ್ಷ ಮೀರದ ಕುಟುಂಬದ ಮಕ್ಕಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಬಂತು. ಕೊಡಗಿನಲ್ಲಿ ಅಡವಿನ ಮಾತು ಸುಲಭವಲ್ಲ. ಎಷ್ಟೋ ಜಮ್ಮಾ ಜಮೀನಿನ ದಾಖಲೆ ಒಕ್ಕದ ಪಟ್ಟೇದಾರರ ಹೆಸರಿನಲ್ಲಿರುತ್ತದೆ. ತೋಟದ ಲೈನ್ ಮನೆಗಳಲ್ಲಿ ಇರುವವರಿಗಂತೂ ಅಡವಿಡಲು ಭೂಮಿಯೇ ಇಲ್ಲ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಹರಿದಾಗ ನೆಲ್ಯಹುದಿಕೇರಿಯ ನದಿದಂಡೆಯ ಹಲವು ಕುಟುಂಬಗಳು ಮನೆಯನ್ನೇ ಕಳೆದುಕೊಂಡವು. ಇಂಥ ಮನೆಗಳಿಗೆ ಸೀಟಿನ ಬೆಲೆಯ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ.

ಈಗಿನ ಶುಲ್ಕವನ್ನು ಸ್ಥೂಲವಾಗಿ ನೋಡಬಹುದು. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಷಕ್ಕೆ ಅರ್ಧ ಲಕ್ಷಕ್ಕಿಂತ ಕಡಿಮೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಒಂದು ಲಕ್ಷದ ಸುತ್ತಮುತ್ತ. ಕಾಮೆಡ್–ಕೆ ಮೂಲಕವಾದರೆ ಎರಡರಿಂದ ಎರಡೂವರೆ ಲಕ್ಷದ ಸುತ್ತ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ, ಅದೂ ಬೆಂಗಳೂರಿನ ಹೆಸರಾಂತ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟಿಗೆ, ಇದರ ಹಲವು ಪಟ್ಟು. ನಾಲ್ಕು ವರ್ಷದ ನಂತರ ಸಿಗುವ ಪದವಿಯ ಹೆಸರು ಮಾತ್ರ ಒಂದೇ.

ಉದಾಹರಣೆಗೆ ಎರಡನೆಯ ಮೆಟ್ಟಿಲಿನ ಸೀಟನ್ನು ತೆಗೆದುಕೊಳ್ಳೋಣ. ಶುಲ್ಕ ಒಂದು ಲಕ್ಷ. ಹಾಸ್ಟೆಲ್, ಊಟ, ಪುಸ್ತಕ, ಓಡಾಟಕ್ಕೆ ಇನ್ನೊಂದು ಲಕ್ಷ. ನಾಲ್ಕು ವರ್ಷಕ್ಕೆ 8 ಲಕ್ಷ. ಪೂರ್ತಿ ಹಣವನ್ನು ಶೇ 10ರ ಬಡ್ಡಿಗೆ ಸಾಲ ಮಾಡಿದರೆ, ಓದು ಮುಗಿದು ಒಂದು ವರ್ಷದ ಬಿಡುವು ಕಳೆಯುವಷ್ಟರಲ್ಲಿ ಸರಳ ಬಡ್ಡಿಯೇ 2.8 ಲಕ್ಷವಾಗುತ್ತದೆ. ಒಟ್ಟು 10.8 ಲಕ್ಷವನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 18,000 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ ಕಂತು 11,600ಕ್ಕೆ ಇಳಿಯುತ್ತದೆ. ಆದರೆ ಕಟ್ಟಿದ ಒಟ್ಟು ಹಣ 15 ಲಕ್ಷದ ಬದಲು ಸುಮಾರು 21 ಲಕ್ಷ. ಇದರ ಜೊತೆಗೆ ಕಾಣದ ಖರ್ಚೊಂದಿದೆ. ಅದೇ ನಾಲ್ಕು ವರ್ಷ ಅಂಗಡಿಯಲ್ಲೋ ತೋಟದಲ್ಲೋ ತಿಂಗಳಿಗೆ 12,000ದಂತೆ ದುಡಿದಿದ್ದರೆ ಬರುತ್ತಿದ್ದ 5.76 ಲಕ್ಷ. ಬಡ ಮನೆಗೆ ಇದು ಕಾಲ್ಪನಿಕ ನಷ್ಟವಲ್ಲ, ಒಲೆಯ ಮೇಲಿನ ಅಕ್ಕಿ.

ಈಗ ಗಳಿಕೆ ನೋಡೋಣ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಆರಂಭಿಕ ಸಂಬಳ 2010ರ ಸುಮಾರಿಗೆ ವರ್ಷಕ್ಕೆ 3 ಲಕ್ಷದ ಆಚೀಚೆ ಇತ್ತು. 2020ರ ದಶಕದಲ್ಲಿಯೂ ಅದು 3.5 ಲಕ್ಷದ ಆಸುಪಾಸಿನಲ್ಲೇ ತೆವಳಿತು. ಈ ನಡುವೆ ದಿನಬಳಕೆಯ ವಸ್ತುಗಳ ಬೆಲೆ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಅಂದರೆ ಸಂಬಳದ ಅಂಕಿ ನಿಂತಲ್ಲೇ ನಿಂತಿತು, ಅದರ ತೂಕ ಅರ್ಧವಾಯಿತು. ಅಂಥ ಕೆಲಸದಲ್ಲಿ ಕೈಗೆ ಬರುವ 25,000ದಲ್ಲಿ 18,000 ಕಂತು ಕಟ್ಟಿ ಬೆಂಗಳೂರಿನಲ್ಲಿ ಬಾಳುವುದು ಹೇಗೆ? ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದನ್ನೇ. ಅದೇ ಪದವೀಧರನಿಗೆ ವರ್ಷಕ್ಕೆ 7 ಲಕ್ಷದ ಕೆಲಸ ಸಿಕ್ಕರೆ ಚಿತ್ರ ಪೂರ್ತಿ ಬೇರೆ. ಸಾಲ ಸಲೀಸಾಗಿ ತೀರುತ್ತದೆ. ಹೊಸ ಉತ್ಪನ್ನಗಳನ್ನು ಕಟ್ಟುವ ಕಂಪನಿಗಳು ಇದರ ಎರಡು–ಮೂರು ಪಟ್ಟು ಕೊಡುವುದೂ ಉಂಟು. ಮೊದಲ ಸಂಬಳ ಕಡಿಮೆಯಿದ್ದರೂ ಐದಾರು ವರ್ಷ ಕೆಲಸ ಕಲಿತು ಮೇಲೇರುವವರೂ ಬೇಕಾದಷ್ಟಿದ್ದಾರೆ. ಆದರೆ ಸಾಲದ ಕಂತು ಐದಾರು ವರ್ಷ ಕಾಯುವುದಿಲ್ಲ.

ಸೀಟಿನ ಬೆಲೆ ಹೆಚ್ಚಾದಷ್ಟೂ ಸಂಬಳ ಹೆಚ್ಚುತ್ತದೆಯೆ? ಇದಕ್ಕೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ದೊಡ್ಡ ಕಂಪನಿಗಳು ಹೆಸರಾಂತ ಕಾಲೇಜುಗಳಿಗೆ ಮೊದಲು ಹೋಗುತ್ತವೆ ಎಂಬುದು ನಿಜ. ಆದರೆ ಅಲ್ಲಿ ಸಿಇಟಿ ಸೀಟಿನವರೂ ಮ್ಯಾನೇಜ್‌ಮೆಂಟ್ ಸೀಟಿನವರೂ ಒಂದೇ ಪರೀಕ್ಷೆ ಬರೆಯುತ್ತಾರೆ. ಆಯ್ಕೆಯಾದವರಿಗೆ ಒಂದೇ ಸಂಬಳ. ಹೆಚ್ಚು ಕೊಟ್ಟವನಿಗೆ ಹೆಚ್ಚು ಸಿಗುವುದು ಸಾಲ ಮಾತ್ರ. ಸಾಮಾನ್ಯ ಕಾಲೇಜಿನ ದುಬಾರಿ ಸೀಟಿನಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಬೆಲೆ ಹೆಸರಾಂತ ಕಾಲೇಜಿನದು, ಬಾಗಿಲು ತಟ್ಟುವ ಕಂಪನಿಗಳು ಮಾತ್ರ ಕಡಿಮೆ.

ಹೀಗಿದ್ದರೂ ಈ ಸೀಟಿನ ಬೇಡಿಕೆ ತಗ್ಗಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2024–25ರಿಂದ ಒಂದು ಶಾಖೆಗೆ ಇಂತಿಷ್ಟೇ ಸೀಟು ಎಂಬ ಮಿತಿಯನ್ನು ತೆಗೆದುಹಾಕಿದ ಮೇಲೆ ಕಾಲೇಜುಗಳು ಕಂಪ್ಯೂಟರ್ ವಿಭಾಗಗಳನ್ನು ಹಿಗ್ಗಿಸುವುದು ಸುಲಭವಾಯಿತು. ಸಿವಿಲ್, ಮೆಕ್ಯಾನಿಕಲ್ ವಿಭಾಗಗಳು ಸೊರಗಿದವು. 2024ರ ಕೊನೆಗೆ, ಸರ್ಕಾರಿ ಸೀಟುಗಳನ್ನು ತಡೆಹಿಡಿದು ನಂತರ ದುಬಾರಿ ಬೆಲೆಗೆ ಮಾರಿಕೊಳ್ಳುವ 'ಸೀಟ್ ಬ್ಲಾಕಿಂಗ್' ಜಾಲದ ಬಗ್ಗೆ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಡಬೇಕಾಯಿತು. 1984ರ ಕಾಯ್ದೆ ಬಂದು ನಲವತ್ತು ವರ್ಷ ತುಂಬಿದ ವರ್ಷವದು.

ಉಳಿದಿರುವ ದಾರಿಗಳು

ಕೊಡಗಿನ ಮಟ್ಟಿಗೆ ಒಂದು ಬದಲಾವಣೆ ಸದ್ದಿಲ್ಲದೆ ಆಗಿದೆ. 2007ರಲ್ಲಿ ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ನೆಲ್ಯಹುದಿಕೇರಿಯಿಂದ ವಾಲ್ನೂರು, ನಂಜರಾಯಪಟ್ಟಣದ ಮೇಲೆ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರ. ಮನೆಯ ಊಟ, ಬಸ್ ಪಾಸು, ಸರ್ಕಾರಿ ಶುಲ್ಕ ಇಷ್ಟನ್ನು ಕೂಡಿದರೆ ನಾಲ್ಕು ವರ್ಷದ ಖರ್ಚು 3 ಲಕ್ಷದ ಒಳಗೇ ಮುಗಿಯಬಹುದು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಇರುವ ಶುಲ್ಕ ಮರುಪಾವತಿ, ವಿದ್ಯಾರ್ಥಿವೇತನ ಸಿಕ್ಕರೆ ಇನ್ನೂ ಕಡಿಮೆ. ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷದ ಡಿಪ್ಲೊಮಾ ಮಾಡಿ, ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇದೆ. ಆ ದಾರಿಯಲ್ಲಿ ಮಧ್ಯೆ ನಿಂತರೂ ಕೈಯಲ್ಲಿ ಒಂದು ವಿದ್ಯೆ ಇರುತ್ತದೆ. 3 ಲಕ್ಷದ ಪದವಿಗೆ 3.5 ಲಕ್ಷದ ಸಂಬಳ ಸಿಕ್ಕರೂ ಅದು ನಷ್ಟದ ವ್ಯಾಪಾರವಲ್ಲ. ಅದೇ ಸಂಬಳ 25 ಲಕ್ಷದ ಸೀಟಿನವನ ಮನೆಯನ್ನು ಮುಳುಗಿಸಬಲ್ಲದು.

ಕಾಫಿಯ ಚಕ್ರ ಈಗ ಮತ್ತೆ ಮೇಲಿನ ಸುತ್ತು ಕಂಡಿದೆ. 2024ರಲ್ಲಿ ರೊಬಸ್ಟಾ ಚೆರಿಯ ಬೆಲೆ 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿತು; ಬೆಳೆಗಾರರು ಹಿಂದೆಂದೂ ಕಾಣದ ದರ. 1994ರಲ್ಲಿ ಆದಂತೆ ಈ ಹಣದ ಒಂದು ಪಾಲು ಸೀಟುಗಳ ಕಡೆ ಹರಿಯುವುದು ಸಹಜ. ಹಣ ಕೈಯಲ್ಲಿದ್ದಾಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಇದೇ ಪದವಿ ಇದಕ್ಕಿಂತ ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ? ಅತಿ ಕಡಿಮೆ ಸಂಬಳದ ಕೆಲಸವೇ ಸಿಕ್ಕರೂ ಕಂತು ಕಟ್ಟಲು ಆದೀತೆ? ಓದುವವರಿಗೆ ಈ ವಿದ್ಯೆಯಲ್ಲಿ ಮನಸ್ಸಿದೆಯೆ? ಮೂರನೆಯದಕ್ಕೆ ಉತ್ತರ ಹೌದಾದರೆ ಮೊದಲ ಎರಡಕ್ಕೆ ದಾರಿ ಹುಡುಕಬಹುದು. ಮೂರನೆಯದಕ್ಕೆ ಉತ್ತರ ಇಲ್ಲವಾದರೆ ಅಗ್ಗದ ಸೀಟೂ ದುಬಾರಿಯೇ.

ಆದರೆ ಎಲ್ಲವನ್ನೂ ಮನೆಯವರ ಜಾಣತನಕ್ಕೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರನ್ನು ಜಗತ್ತಿನ ನಕ್ಷೆಯಲ್ಲಿ ಕೂರಿಸಿದ ಮೊದಲ ತಲೆಮಾರಿನ ಓದಿನ ಬಹುಪಾಲು ಖರ್ಚನ್ನು ಕೊಟ್ಟದ್ದು ಸಮಾಜ. ಲಾಭ ದೊಡ್ಡದಾಗಿ ಕಂಡಿದ್ದು ಅದರಿಂದಲೂ ಹೌದು. ನಂತರದ ತಲೆಮಾರಿಗೆ ಆ ಲಾಭದ ಕಥೆಯನ್ನು ಹೇಳಿ, ಖರ್ಚನ್ನು ಮಾತ್ರ ಅವರವರ ಮನೆಗೆ ಹೊರಿಸಲಾಯಿತು. ಕುಶಾಲನಗರದಂಥ ಊರಿನ ಸರ್ಕಾರಿ ಕಾಲೇಜಿಗೆ ಸಾಕಷ್ಟು ಅಧ್ಯಾಪಕರನ್ನೂ ಪ್ರಯೋಗಾಲಯವನ್ನೂ ಕೊಡುವುದು ಆ ಹೊರೆಯನ್ನು ಇಳಿಸುವ ನೇರ ದಾರಿ. ಲೈನ್ ಮನೆಯ ಹುಡುಗಿಗೂ ತೋಟದ ಮನೆಯ ಹುಡುಗನಿಗೂ ಪದವಿ ಒಂದೇ ಬೆಲೆಗೆ ಸಿಗುವವರೆಗೆ, ಅದರ ಲಾಭ–ನಷ್ಟವನ್ನು ಓದಿನ ಪ್ರಶ್ನೆ ಎನ್ನುವುದಕ್ಕಿಂತ ಹುಟ್ಟಿದ ಮನೆಯ ಪ್ರಶ್ನೆ ಎನ್ನುವುದೇ ಸರಿ.